ಮೂಕರ ಭಾಷೆ ಬಲ್ಲವನು

ಹಸುಗಳು ಹನ್ನೊಂದು ಬಗೆಯಲ್ಲಿ ಕೂಗುತ್ತವೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಜಂಗಮಕೋಟೆ ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತೆರಡು ವರ್ಷ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಟಿವಿಎಸ್ ಓಡಿಸಿಕೊಂಡು, ಕಿವಿಯಾರೆ ಕೇಳಿ ಎಣಿಸಿದ್ದು. ಹಸಿದಾಗ ಒಂದು, ಬಾಯಾರಿದಾಗ ಒಂದು. ಕರುವನ್ನು ಬೇರೆ ಕಡೆ ಕಟ್ಟಿದರೆ ಒಂದು, ಅದೇ ಕರು ಕಣ್ಣಿಗೆ ಬಿದ್ದರೆ ಮೂಗಿನಲ್ಲೇ ಗುನುಗುವುದು ಇನ್ನೊಂದು. ಬೆದೆಗೆ ಬಂದಾಗಿನ ಕೂಗಂತೂ ನನ್ನ ಅನ್ನ. ಆ ಕೂಗು ಎದ್ದ ಮನೆಯವರು ಡೈರಿಗೆ ಹೇಳಿಕಳಿಸುತ್ತಾರೆ, ನಾನು ಹೋಗಿ ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಏರಿಸಿಕೊಂಡು ಹಸುವಿಗೆ ಕೃತಕವಾಗಿ ಗರ್ಭ ಕಟ್ಟಿಸಿ ಬರುತ್ತೇನೆ. ನನ್ನ ಹೆಸರು ಆವುಲಪ್ಪ. ತೆಲುಗು ಬಲ್ಲವರು ಹೆಸರು ಕೇಳಿದ ಕೂಡಲೇ ನಗುತ್ತಾರೆ. ಹಸುಗಳ ಅಪ್ಪ ಅಂತ ಹೆಸರಿಡಿಸಿಕೊಂಡವನು ಇನ್ಯಾವ ಕೆಲಸ ಮಾಡಲಾದೀತು ಹೇಳಿ.

ಈ ಹನ್ನೊಂದೂ ನನಗೆ ಬರುತ್ತವೆ. ಬರುತ್ತವೆ ಎಂದರೆ, ನಾನು ಹಸುವಿನ ಹಾಗೆ ಕೂಗಿದರೆ ಬೀದಿಯ ಆ ತುದಿಯ ಹಸು ಮೇವು ಬಿಟ್ಟು ತಲೆಯೆತ್ತುತ್ತದೆ. ಇದರಿಂದ ನನಗೆ ಹಳ್ಳಿಯಲ್ಲಿ ಒಂದು ಹೆಸರಿತ್ತು, ಮೂಕಪ್ರಾಣಿಗಳ ಭಾಷೆ ಬಲ್ಲವನು ಅಂತ. ನನಗೂ ಆ ಹೆಸರಿನ ಮೇಲೆ ಸ್ವಲ್ಪ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಜಂಬಕ್ಕೆ ಮೊದಲು ಸೂಜಿ ಚುಚ್ಚಿದವನು ಭಾನುಪ್ರಕಾಶ್. ನಮ್ಮೂರ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ, ಓದು ಮಾತ್ರ ಅರವತ್ತು ವರ್ಷದ್ದು. ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳು. ಬೆಳಿಗ್ಗೆ ಡೈರಿಯ ಮುಂದೆ ಕ್ಯಾನುಗಳ ಸಾಲಿನಲ್ಲಿ ನಾನು ನನ್ನ ಹನ್ನೊಂದು ಕೂಗಿನ ಕಥೆ ಹೇಳುತ್ತಿದ್ದೆ. ಅವನು ಹಾಲು ಕೊಳ್ಳಲು ಚೊಂಬು ಹಿಡಿದು ನಿಂತವನು ಕೇಳಿದ.

"ಆವುಲಪ್ಪಣ್ಣ, ನಿನ್ನೆ ಬೂಸಾ ಚೆನ್ನಾಗಿತ್ತು, ಇವತ್ತಿಂದು ಚೆನ್ನಾಗಿಲ್ಲ ಅಂತ ಯಾವ್ದಾದ್ರೂ ಹಸು ನಿಮ್ಗೆ ಹೇಳಿದ್ಯಾ?"

"ಮೂತಿ ಆ ಕಡೆ ತಿರುಗಿಸ್ತದೆ. ಅದೇ ಹೇಳಿದ್ದಲ್ವಾ?"

"ಇವತ್ತಿಂದು ಬೇಡ ಅಂತು ಅಷ್ಟೇ. ನಿನ್ನೇದು ಎಲ್ ಹೇಳ್ತು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಉತ್ತರ ಇದ್ದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಎರಡು ದಿನ ಯಾರ ಕೊಟ್ಟಿಗೆಗೆ ಹೋದರೂ ನಾನು ಹುಡುಕಿದ್ದು ಆ ನಿನ್ನೆಯನ್ನೇ. ಹನ್ನೊಂದರಲ್ಲಿ ಎಲ್ಲೂ ಸಿಗಲಿಲ್ಲ. ಎಲ್ಲವೂ ಈಗ, ಇಲ್ಲಿ, ಈ ಹೊಟ್ಟೆ, ಈ ಕರು. ಹಳ್ಳಿಯ ಆಚೆಗಿರುವ ಕೆರೆಯ ಬಗ್ಗೆಯಾಗಲಿ, ಹೋದ ವರ್ಷದ ಕರುವಿನ ಬಗ್ಗೆಯಾಗಲಿ ಒಂದು ಹಸುವೂ ತುಟಿ ಬಿಚ್ಚಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟು ಹೋಗಿ ತಲೆಯಲ್ಲಿ ಹುಳ ಹೊಕ್ಕಿತು.

ಅದೇ ವಾರ ಆಂಜಿನಮ್ಮ ನನ್ನನ್ನು ಕರೆಸಿದಳು. ಆಂಜಿನಮ್ಮನ ಮನೆ ನಮ್ಮೂರಿನ ಬಸ್‌ಸ್ಟಾಪಿನ ಹಿಂದಿನ ಬೀದಿಯಲ್ಲಿ. ಒಂದು ಹಸು, ಅರ್ಧ ಎಕರೆ ಹಿಪ್ಪುನೇರಳೆ, ಹನ್ನೊಂದು ವರ್ಷದ ಮೊಮ್ಮಗಳು ಕಲ್ಯಾಣಿ. ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಹಾಗಾಗಿ ಮಾತೂ ಇಲ್ಲ. ಅವಳ ತಾಯಿ, ಆಂಜಿನಮ್ಮನ ಮಗಳು ಮುನಿಲಕ್ಷ್ಮಿ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಐದೂವರೆ ಬಸ್ಸಿಗೆ ಇಳಿಯುತ್ತಿದ್ದಳು. ಗಂಡ ಚಿಂತಾಮಣಿ ಕಡೆ ಬೇರೆ ಸಂಸಾರ ಮಾಡಿಕೊಂಡು ಕೂತಿದ್ದ. ಆ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಮುನಿಲಕ್ಷ್ಮಿಗೆ ಜ್ವರ ಬಂದು, ಎದೆಗೆ ಇಳಿದು, ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಹೋದಳು. ಹುಡುಗಿಯನ್ನು ಮೊದಲೇ ದಿಬ್ಬೂರಹಳ್ಳಿಯ ನೆಂಟರ ಮನೆಗೆ ಸಾಗಿಸಿದ್ದರು. ಮಣ್ಣು ಮಾಡಿ, ತಿಥಿ ಮುಗಿದ ಮೇಲೆ ವಾಪಸು ಕರೆತಂದರು. ಅಮ್ಮ ಎಲ್ಲಿ ಎಂದು ಅವಳು ಕೈಯಲ್ಲಿ ಕೇಳಿದಳಂತೆ. ಅಜ್ಜಿ ಬಸ್ಸು ತೋರಿಸಿ, ಬರ್ತಾಳೆ ಎಂದು ಕೈಯಾಡಿಸಿದಳಂತೆ. ಅವತ್ತಿನಿಂದ ಹುಡುಗಿ ದಿನಾ ಸಂಜೆ ನಾಲ್ಕೂವರೆಗೇ ಹೋಗಿ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಐದೂವರೆ ಬಸ್ಸು ಬಂದು ಹೋದ ಮೇಲೆ ಮನೆಗೆ ಬರುತ್ತಿದ್ದಳು. ಐದು ತಿಂಗಳಿಂದ ಒಂದು ದಿನ ತಪ್ಪಿಸಿರಲಿಲ್ಲ.

ಊರಿನವರಿಗೆಲ್ಲ ಅದನ್ನು ನೋಡಿ ಕರುಳು ಚುರುಕ್ಕೆನ್ನುತ್ತಿತ್ತು, ನನಗೂ.

"ನೀನ್ ಮೂಕ್‌ಜೀವಗಳ್ ಭಾಷೆ ಬಲ್ಲೋನು ಕಣಪ್ಪ," ಎಂದಳು ಆಂಜಿನಮ್ಮ. "ಇವ್ಳಿಗೆ ಒಂದ್ಸಲ ತಿಳಿಯೋ ಹಂಗೆ ಹೇಳ್‌ಬಿಡು. ನಿಮ್ಮಮ್ಮ ಬರಲ್ಲ ಅಂತ. ಸತ್ತೋದ್ಲು ಅಂತ. ನನ್ ಕೈಲಾಗಲ್ಲ."

"ನೀನು ದಿನಾ ಇವ್ಳ ಜೊತೆ ಕೈಯಲ್ಲೇ ಮಾತಾಡ್ತೀಯಲ್ಲಕ್ಕ?"

"ಉಣ್ಣು, ಮಲಕ್ಕೋ, ನೀರ್ ತತ್ತಾ ಅನ್ನಕ್ಕೆ ಬರುತ್ತೆ. ಇದನ್ನೆಲ್ಲ ಹೇಳಕ್ಕೆ ಎಲ್ ಬರುತ್ತೆ? ಏಮಿ ಚೇಸ್ತಾಮು, ಏನ್ ಮಾಡಾದು."

ಈಗ ಯೋಚಿಸಿದರೆ ನಗು ಬರುತ್ತದೆ. ಹಸು ಮೂಕಪ್ರಾಣಿ, ಹುಡುಗಿಯೂ ಮೂಕಿ, ಆದ್ದರಿಂದ ಹಸುವಿನ ಭಾಷೆ ಬಲ್ಲವನಿಗೆ ಹುಡುಗಿಯದೂ ಬಂದೇ ಬರಬೇಕು. ಈ ಲೆಕ್ಕ ಆಂಜಿನಮ್ಮನಿಗೆ ತಪ್ಪೆನಿಸಲಿಲ್ಲ, ಊರಿನವರಿಗೆ ತಪ್ಪೆನಿಸಲಿಲ್ಲ, ಹೇಳಲು ನಾಚಿಕೆಯಾಗುತ್ತದೆ, ನನಗೂ ತಪ್ಪೆನಿಸಲಿಲ್ಲ. ನಾನು ಮೀಸೆ ತಿರುವಿಕೊಂಡು ಆಯ್ತಕ್ಕ ಎಂದುಬಿಟ್ಟೆ.

ಮೊದಲ ದಿನ ಬಸ್‌ಸ್ಟಾಪಿನ ಕಟ್ಟೆಗೆ ಹೋಗಿ ಹುಡುಗಿಯ ಪಕ್ಕ ಕೂತು, ಕರು ಕಳೆದುಕೊಂಡ ಹಸು ಕೂಗುವ ಹಾಗೆ ಮೆಲ್ಲಗೆ ಕೂಗಿದೆ. ನನ್ನ ಹನ್ನೊಂದರಲ್ಲಿ ಸಾವಿಗೆ ಹತ್ತಿರ ಇದ್ದದ್ದು ಅದೊಂದೇ. ಕೂಗಿ ಮುಗಿಸಿದ ಮೇಲೆ ನೆನಪಾಯಿತು, ಇವಳಿಗೆ ಕಿವಿ ಕೇಳಿಸುವುದಿಲ್ಲ ಅಂತ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಚೆ ಕಟ್ಟೆಯಲ್ಲಿ ಕಡಲೆಕಾಯಿ ಮಾರುತ್ತಿದ್ದ ವರಲಕ್ಷ್ಮಮ್ಮ, "ಯಾಕಣ್ಣಯ್ಯ, ಹೊಟ್ಟೆನೋವಾ?" ಎಂದು ಕೇಳಿದಳು.

ಹುಡುಗಿ ವರಲಕ್ಷ್ಮಮ್ಮನ ಕಡೆ ತಿರುಗಿ ಕೈಯಲ್ಲಿ ಏನೋ ಹೇಳಿದಳು. ಎಡತೋಳನ್ನು ಭುಜದವರೆಗೂ ಸವರಿ, ಮುಷ್ಟಿ ಕಟ್ಟಿ, ಆ ತೋಳನ್ನು ಗಾಳಿಯಲ್ಲಿ ಮುಂದಕ್ಕೆ ತೂರಿಸಿದಳು. ಆಮೇಲೆ ಹಣೆಯ ಪಕ್ಕ ಬೆರಳು ತಿರುಗಿಸಿದಳು. ವರಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ತೋಳು ತೂರಿಸುವುದು ನಾನಂತೆ. ಬೆರಳು ತಿರುಗಿಸಿದ್ದು ನನ್ನ ತಲೆಯ ವಿಚಾರವಂತೆ.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ನನ್ನ ಹೆಸರನ್ನು ಈ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೇ ಕಟ್ಟಿಕೊಂಡಿದ್ದಳು. ನಾನು ಕೊಟ್ಟಿಗೆಯಲ್ಲಿ ಮಾಡುವ ಕೆಲಸವನ್ನು ಬಸ್‌ಸ್ಟಾಪಿಗೆ ತಂದು, ನನ್ನ ಎದುರೇ, ನನ್ನ ಬಗ್ಗೆ ಚಾಡಿ ಹೇಳಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಹಸುವೂ ಇನ್ನೊಂದು ಹಸುವಿಗೆ ನನ್ನ ಬಗ್ಗೆ ಚಾಡಿ ಹೇಳಿದ್ದನ್ನು ನಾನು ನೋಡಿಲ್ಲ. ಹೇಳಲು ಅವಕ್ಕೆ ಕಾರಣ ಇಲ್ಲದೆ ಏನಲ್ಲ.

ಆಮೇಲೆ ನಾನು ದಿನಾ ಸಂಜೆ ಕೆಲಸ ಬೇಗ ಮುಗಿಸಿ ಕಟ್ಟೆಗೆ ಹೋಗತೊಡಗಿದೆ. ಹೇಳುವುದನ್ನು ಬಿಟ್ಟು ನೋಡುವುದಕ್ಕೆ ಶುರು ಮಾಡಿದೆ. ನೋಡಿದಷ್ಟೂ ನನ್ನ ಬಾಯಿ ತೆರೆದೇ ಇರುತ್ತಿತ್ತು. ಅವಳಿಗೆ ಎಲ್ಲರಿಗೂ ಒಂದೊಂದು ಹೆಸರಿತ್ತು. ಅಜ್ಜಿ ಎಂದರೆ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುವುದು. ಮೇಷ್ಟ್ರು ಎಂದರೆ ಮೂಗಿನ ಮೇಲೆ ಕನ್ನಡಕ ಏರಿಸುವುದು. ಅಮ್ಮ ಎಂದರೆ ಮೂಗಿನ ಬಲಹೊಳ್ಳೆಯನ್ನು ಬೆರಳ ತುದಿಯಿಂದ ಮುಟ್ಟುವುದು, ಮೂಗುಬೊಟ್ಟು. ಇಲ್ಲ ಎಂದರೆ ಕೈಯ ನೀರು ಕೊಡವಿದ ಹಾಗೆ ಬೆರಳು ಕೊಡವುವುದು. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿ, ತೆರೆದು, ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದರೆ ನಿನ್ನೆ. ಮುಂದಕ್ಕೆ ತೋರಿಸಿದರೆ ನಾಳೆ. ಮೇಷ್ಟ್ರು ನನ್ನನ್ನು ಸೋಲಿಸಿದ ಆ ನಿನ್ನೆ ಇಲ್ಲಿ ಕಟ್ಟೆಯ ಮೇಲೆ ಬಿದ್ದಿತ್ತು.

ಒಂದು ದಿನ ಅವಳು ವರಲಕ್ಷ್ಮಮ್ಮನಿಗೆ ಪೂರಾ ಒಂದು ಕಥೆಯನ್ನೇ ಹೇಳಿದಳು. ನಿನ್ನೆ ಮೇಷ್ಟ್ರು ಸೈಕಲ್ಲಿನಿಂದ ಬಿದ್ದರು, ಕನ್ನಡಕ ಒಡೆಯಲಿಲ್ಲ, ಪ್ಯಾಂಟು ಹರಿಯಿತು, ಇವತ್ತು ಬೇರೆ ಪ್ಯಾಂಟು ಹಾಕಿದ್ದಾರೆ. ಅಲ್ಲಿ ಸೈಕಲ್ಲೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಒಡೆಯದೇ ಇದ್ದ ಕನ್ನಡಕದ ಬಗ್ಗೆ ಹೇಳಿದಳಲ್ಲ, ಅದನ್ನು ಯೋಚಿಸುತ್ತಾ ನಾನು ಆ ದಿನ ಟಿವಿಎಸ್‌ಗೆ ಪೆಟ್ರೋಲು ಹಾಕಿಸುವುದನ್ನೇ ಮರೆತೆ. ಆಗದೇ ಇದ್ದದ್ದನ್ನು ಯಾವ ಪ್ರಾಣಿ ತಾನೇ ಹೇಳೀತು? ಹಾವು ಕಂಡ ಹಸು ಹಾವು ಎನ್ನುತ್ತದೆ, ಇವತ್ತು ಹಾವು ಬರಲಿಲ್ಲ ಸದ್ಯ ಎನ್ನುವುದಿಲ್ಲ.

ಅಂದರೆ ಹೇಳುವುದಕ್ಕೆ ಬೇಕಾದ ಸಾಮಾನೆಲ್ಲ ಅವಳ ಕೈಯಲ್ಲೇ ಇತ್ತು. ಅಮ್ಮ, ಬಸ್ಸು, ನಾಳೆ, ಇಲ್ಲ. ನಾಲ್ಕನ್ನೂ ಸೇರಿಸಿ ಹೇಳಿದರೆ ಆಂಜಿನಮ್ಮ ವಹಿಸಿದ ಕೆಲಸ ಮುಗಿಯಿತು. ನಾನು ಮನೆಯ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡಿದೆ. ಮೂಗು ಮುಟ್ಟುವುದು, ಸ್ಟೀರಿಂಗ್ ತಿರುಗಿಸುವುದು, ಕಣ್ಣು ಮುಚ್ಚಿ ತೆರೆಯುವುದು, ಬೆರಳು ಕೊಡವುವುದು. ನನ್ನ ಹೆಂಡತಿ ನೋಡಿ ದೃಷ್ಟಿ ತೆಗೆಯುತ್ತೇನೆ ಎಂದಳು. ಆದರೆ ಕಟ್ಟೆಗೆ ಹೋಗಿ ಹುಡುಗಿಯ ಮುಖ ನೋಡಿದರೆ ಕೈ ಮೇಲೇಳುತ್ತಿರಲಿಲ್ಲ. ಮಾತು ಬಾರದೆ ಅಲ್ಲ, ಈಗ ಮಾತು ಬಂದಿದ್ದರಿಂದಲೇ. ಹೀಗೆ ಹತ್ತು ದಿನ ಕಳೆಯಿತು. ದಿನಾ ಆಂಜಿನಮ್ಮ ಬಾಗಿಲಲ್ಲಿ ನಿಂತು "ಹೇಳಿದ್ಯಾ?" ಎಂದು ಕೇಳುವಳು, ನಾನು "ನಾಳೆ" ಎನ್ನುವೆ.

ಆಷಾಢದ ಮೊದಲ ವಾರ ಆಂಜಿನಮ್ಮನ ಹಸುವಿನ ಕರು ಸತ್ತಿತು. ಹುಟ್ಟಿ ಎಂಟು ದಿನವಾಗಿತ್ತು, ಭೇದಿ ನಿಲ್ಲಲಿಲ್ಲ, ನಾನೂ ಔಷಧಿ ಹಾಕಿ ನೋಡಿದೆ, ಉಳಿಯಲಿಲ್ಲ. ಆ ಹಸುವಿನಲ್ಲಿ ನಾಟಿ ರಕ್ತ ಜಾಸ್ತಿ. ಕರು ಎದುರಿಗಿಲ್ಲದಿದ್ದರೆ ಕೆಚ್ಚಲು ಬಿಗಿದುಕೊಂಡು ಒಂದು ತೊಟ್ಟೂ ಹಾಲು ಇಳಿಸುವುದಿಲ್ಲ. ಇಂಥದ್ದಕ್ಕೆ ನಮ್ಮ ಕಡೆ ಹಳಬರು ಮಾಡುವುದೊಂದಿದೆ. ಸತ್ತ ಕರುವಿನ ಚರ್ಮ ಬಿಡಿಸಿ, ಉಪ್ಪು ಸವರಿ ಒಣಗಿಸಿ, ಒಳಗೆ ಒಣ ರಾಗಿಹುಲ್ಲು ತುಂಬಿ ಹೊಲಿದು, ನಾಲ್ಕು ಕಡ್ಡಿ ಕೊಟ್ಟು ಹಸುವಿನ ಮುಂದೆ ನಿಲ್ಲಿಸುವುದು. ಈಗೀಗ ಯಾರೂ ಮಾಡುವುದಿಲ್ಲ. ನಾನೇ ನಿಂತು ಮಾಡಿಸಿದೆ.

ಹಸು ಮೂಸಿತು. ಮೂಗಿನಲ್ಲೇ ಗುನುಗಿತು, ನನ್ನ ಹನ್ನೊಂದರಲ್ಲಿ ನಾಲ್ಕನೆಯದು, ಕರು ಕಣ್ಣಿಗೆ ಬಿದ್ದಾಗಿನದು. ಆಮೇಲೆ ಹುಲ್ಲು ತುಂಬಿದ ಆ ಬೆನ್ನನ್ನು ನೆಕ್ಕುತ್ತಾ ಹಾಲು ಬಿಟ್ಟಿತು. ಆಂಜಿನಮ್ಮ ತಂಬಿಗೆ ಹಿಡಿದು ಕೂತಳು. ಇದು ಹಸುವಿಗೆ ನಾವು ಹೇಳುವ ಸುಳ್ಳು, ಅದರ ಒಳ್ಳೆಯದಕ್ಕೂ ಅಲ್ಲ.

ಕಲ್ಯಾಣಿ ಕಂಬಕ್ಕೆ ಒರಗಿ ನಿಂತು ಎಲ್ಲ ನೋಡುತ್ತಿದ್ದಳು. ನನ್ನ ಕಡೆ ತಿರುಗಿ ಹೇಳಿದಳು. ಹುಲ್ಲು ತುಂಬಿದ್ದನ್ನು ತೋರಿಸಿ, ಬೆರಳು ಕೊಡವಿದಳು. ಇದು ಕರು ಅಲ್ಲ. ತಿಪ್ಪೆಯ ಆಚೆಗಿನ ಹೊಲ ತೋರಿಸಿ, ಅಗೆದಳು, ಮುಚ್ಚಿದಳು. ಕರು ಅಲ್ಲಿದೆ. ಹಸುವಿನ ಹಣೆ ತೋರಿಸಿ, ಮತ್ತೆ ಬೆರಳು ಕೊಡವಿದಳು. ಇದಕ್ಕೆ ಗೊತ್ತಿಲ್ಲ. ಆಮೇಲೆ ಹಸುವಿನ ಗಂಗೆದೊಗಲು ಸವರಿ, ನಾಲ್ಕೂವರೆಯಾಯಿತೆಂದು ಬಸ್‌ಸ್ಟಾಪಿಗೆ ಹೊರಟಳು.

ನಾನು ಅವಳ ಹಿಂದೆಯೇ ಹೋದೆ. ಕರು ಸತ್ತದ್ದು ತಿಳಿಯುತ್ತದೆ, ಹೂತದ್ದು ತಿಳಿಯುತ್ತದೆ, ಹಸುವಿಗೆ ತಿಳಿದಿಲ್ಲ ಎಂಬುದೂ ತಿಳಿಯುತ್ತದೆ. ಇಷ್ಟು ತಿಳಿದವಳು ಐದು ತಿಂಗಳಿಂದ ಈ ಕಟ್ಟೆಯ ಮೇಲೆ ಯಾಕೆ ಕೂತಿದ್ದಾಳೆ? ಕೂತ ಕೂಡಲೇ, ಹಿತ್ತಲಲ್ಲಿ ಕಲಿತ ಕೈಯಲ್ಲಿ ಕೇಳಿಬಿಟ್ಟೆ. ಮೂಗು ಮುಟ್ಟಿದೆ, ಬಸ್ಸಿನ ಸ್ಟೀರಿಂಗ್ ತಿರುಗಿಸಿದೆ, ಹುಬ್ಬೇರಿಸಿದೆ. ಅಮ್ಮ ಬಸ್ಸಿನಲ್ಲಿ ಬರ್ತಾಳಾ?

ಹುಡುಗಿ ಬೆರಳು ಕೊಡವಿದಳು.

ಇಲ್ಲ. ಮೂಗು ಮುಟ್ಟಿ, ಹಿಪ್ಪುನೇರಳೆ ತೋಟದ ಕಡೆ ಕೈ ಮಾಡಿ, ಅಗೆದಳು, ಮುಚ್ಚಿದಳು. ತಲೆಯ ಕಡೆ ಒಂದು ಕಲ್ಲಿಟ್ಟಳು. ಕಲ್ಲಿನ ಮೇಲೆ ಹಾಲು ಬಿಟ್ಟಳು. ದಿಬ್ಬೂರಹಳ್ಳಿಯಿಂದ ಬಂದ ದಿನವೇ ತೋಟಕ್ಕೆ ಹೋಗಿ ಹಸಿ ಮಣ್ಣು ನೋಡಿಕೊಂಡಿದ್ದಳು.

ಮತ್ತೆ ಇಲ್ಲಿ ಯಾಕೆ ಕೂರ್ತೀಯ ಎಂದು ಕೇಳಿದೆ. ಹೇಗೆ ಕೇಳಿದೆನೋ ದೇವರಿಗೇ ಗೊತ್ತು, ಕಟ್ಟೆ ತಟ್ಟಿ ತಟ್ಟಿ ತೋರಿಸಿದೆ. ಅವಳಿಗೆ ಅರ್ಥವಾಯಿತು.

ಹೊಗೆಸೊಪ್ಪು ತಿಕ್ಕಿದಳು, ಅಜ್ಜಿ. ತನ್ನನ್ನು ತೋರಿಸಿಕೊಂಡು, ಮನೆಯ ಕಡೆ ಕೈ ಮಾಡಿ, ಅಜ್ಜಿಯ ಮುಖ ಹಾಕಿಕೊಂಡು ತುಟಿ ಬಿಗಿಹಿಡಿದಳು. ನಾನು ಮನೆಯಲ್ಲಿದ್ದರೆ ಅಜ್ಜಿ ಅಳುವುದಿಲ್ಲ. ಎರಡು ಬೆರಳಲ್ಲಿ ನಡೆದು ಕಟ್ಟೆಗೆ ಬಂದು ಕೂತಳು. ಮತ್ತೆ ಅಜ್ಜಿಯಾದಳು, ಸೆರಗು ಮುಖಕ್ಕೆ ಹಾಕಿಕೊಂಡು ಭುಜ ಕುಲುಕಿಸಿದಳು. ನಾನು ಇಲ್ಲಿಗೆ ಬಂದರೆ ಅಳುತ್ತಾಳೆ. ಬಸ್ಸು ಬಂತು, ಹೋಯಿತು, ಎರಡು ಬೆರಳು ಮನೆಗೆ ನಡೆದವು. ಅಜ್ಜಿಯ ಕಣ್ಣು ಊದಿಕೊಂಡಿದೆ, ಮುಖ ತೊಳೆದಿದ್ದಾಳೆ, ಈಗ ರೊಟ್ಟಿ ತಟ್ಟುತ್ತಾಳೆ.

ಅಜ್ಜಿಗೆ ಅಳುವುದಕ್ಕೆ ದಿನಾ ಒಂದು ಗಂಟೆ ಬಿಟ್ಟುಕೊಟ್ಟು ಬಂದು ಇಲ್ಲಿ ಕೂರುತ್ತಿದ್ದಳು. ಇಡೀ ಊರು ಅಯ್ಯೋ ಪಾಪ, ಏನೂ ತಿಳಿಯದ ಮಗು ಎಂದು ಲೊಚಗುಟ್ಟುತ್ತಿತ್ತು. ಕೊನೆಗೆ ಅವಳು ತನ್ನ ಬಲಗೈಯ ಬೆರಳುಗಳನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ಯಾರಿಗೂ ಹೇಳಬೇಡ ಎಂದು ಅರ್ಥ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೊಟ್ಟೆಯಲ್ಲಿ ಮಾತು ನಿಲ್ಲಿಸಿಕೊಳ್ಳುವ ಮನುಷ್ಯ ನಾನಲ್ಲ. ಅದು ನನ್ನ ದೊಡ್ಡ ಕೊರತೆ ಎಂದು ಹೆಂಡತಿ ದಿನಾ ಹೇಳುತ್ತಾಳೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಎದ್ದು ನೆಟ್ಟಗೆ ಆಂಜಿನಮ್ಮನ ಮನೆಗೆ ಹೋದೆ. ಹುಡುಗಿ ಹೇಳಿದ ಹಾಗೆಯೇ, ಅವಳು ಒಲೆಯ ಮುಂದೆ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಒರೆಸಿಕೊಂಡಳು.

"ಹೇಳಿದ್ಯಾ?"

"ಅವ್ಳೇ ನಂಗೆ ಹೇಳಿದ್ಲಕ್ಕ. ಅವ್ಳಿಗೆ ಮೊದ್ಲಿಂದ ಗೊತ್ತು. ನೀನು ಅಳ್ಲಿ ಅಂತ ಆಚೆ ಹೋಗಿ ಕೂರ್ತಾಳೆ."

ಅವಳ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆಂಜಿನಮ್ಮ ಕೈಯಲ್ಲಿದ್ದ ಊದುಕೊಳವೆ ಕೆಳಗಿಟ್ಟಳು.

"ಹಂಗಾದ್ರೆ ಈಗ ಕೇಳ್ತಾಳೆ," ಎಂದಳು.

"ಏನ್ ಕೇಳ್ತಾಳೆ?"

ನಾನೂ ಹೊಸಿಲ ಮೇಲೆ ಕೂತೆ.

"ಆಸ್ಪತ್ರೇಲಿ ಆ ಎರಡು ದಿನ ಮುನಿಲಕ್ಷ್ಮಿ ಬಾಯಿಗೆ ಆಕ್ಸಿಜನ್ ಹಾಕ್‌ಬಿಟ್ಟಿದ್ರು. ಮಾತಾಡಕ್ಕಾಗ್ತಿರ್ಲಿಲ್ಲ. ಕೈಯಲ್ಲಿ ಕರೀತಾನೇ ಇದ್ಲು ಕಣಪ್ಪ. ಹಿಂಗೆ." ಆಂಜಿನಮ್ಮ ತೋರುಬೆರಳಿನಿಂದ ತನ್ನ ಎಡಹುಬ್ಬನ್ನು ಒಂದು ಸಲ ಸವರಿದಳು.

ಕಟ್ಟೆಯ ಮೇಲೆ ಕೂತು ಕಲಿತದ್ದರಲ್ಲಿ ಇದು ನನಗೆ ಸಿಕ್ಕಿರಲಿಲ್ಲ. ಯಾರು ಅದು ಎಂದು ಕೇಳಿದೆ.

"ಕಲ್ಯಾಣಿ. ಎಡಹುಬ್ಬಲ್ಲಿ ಅವ್ಳಿಗೆ ಅರ್ಧ ಕೂದಲಿಲ್ಲ, ಹುಟ್ಟಿದಾಗ್ಲಿಂದ. ಅವ್ಳನ್ನ ಹಂಗೆ ಕರೀತಿದ್ದೋಳು ಅವ್ರಮ್ಮ ಒಬ್ಳೇ. ನಾವೆಲ್ಲ ಭುಜ ಹಿಡ್ದು ಅಲ್ಲಾಡಿಸ್ತೀವಿ, ಅಷ್ಟೇ. ಹುಬ್ಬು ಕಡೀತಿದೆಯೇನೋ ಅಂತ ನರ್ಸಮ್ಮ ಮುಲಾಮು ತಂದು ಹಚ್ಚಿದ್ಲು. ನಂಗ್ ಗೊತ್ತಿತ್ತು. ಮಗಳನ್ನ ಕರ್ಕೊಂಡ್ ಬಾ ಅಂತಿದಾಳೆ ಅಂತ ಗೊತ್ತಿತ್ತು. ಅದಕ್ಕೇನ್ ತಿಳಿಯುತ್ತೆ, ಹೆದ್ರಿಕೊಂಡು ಅರಚುತ್ತೆ, ಇರ್ಲಿ ಬಿಡು ಅಂತ ನಾನೇ ಕರ್ಸಲಿಲ್ಲ. ಎರಡು ದಿನ ಕರೆದ್ಲು. ನಾನು ಅವ್ಳ ಕೈ ಹಿಡ್ಕೊಂಡು ಕೆಳಗಿಡ್ತಿದ್ದೆ."

ಐದು ತಿಂಗಳು ಆಂಜಿನಮ್ಮನ ಕೈ ಏಳದಿದ್ದುದು ಭಾಷೆ ಸಾಲದೆ ಅಲ್ಲ ಎಂದು ಆಗ ನನಗೆ ತಿಳಿಯಿತು. ನನಗೆ ಅವಳ ಮೇಲೆ ಸಿಟ್ಟು ಬಂತು. ಹಿಂದೆಯೇ, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ನನ್ನ ಮೇಲೂ ಬಂತು. ಮೂಕಿಗೆ ಏನು ತಿಳಿಯುತ್ತದೆ ಎಂದುಕೊಂಡವರಲ್ಲಿ ನಾನೂ ಒಬ್ಬ.

ಐದೂವರೆ ಬಸ್ಸು ಹಾರನ್ ಹಾಕಿಕೊಂಡು ಹೋಯಿತು. ನಾನು ಹೊಸಿಲಿನಿಂದ ಸರಿದು ದಾರಿ ಬಿಟ್ಟೆ. ಕಲ್ಯಾಣಿ ಒಳಗೆ ಬಂದಳು. ಅಜ್ಜಿಯ ಮುಖ ತೊಳೆದಿರಲಿಲ್ಲ. ಹುಡುಗಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟಕ್ಕೆ ಭಾಷಾಂತರ ಬೇಡ, ಬಾಯಿಬಡುಕ ಎಂದು ಬೈದಳು. ನಾನು ತಲೆ ತಗ್ಗಿಸಿದೆ.

ಅವಳು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಮೂಗಿನ ಬಲಹೊಳ್ಳೆ ಮುಟ್ಟಿದಳು. ಅಂಗೈಯ ಮೇಲೆ ಕೆನ್ನೆಯಿಟ್ಟು ಮಲಗಿದ ಹಾಗೆ ಮಾಡಿ, ಮುಂಗೈಗೆ ಸೂಜಿ ಚುಚ್ಚಿಕೊಂಡಳು. ಹೆಬ್ಬೆರಳನ್ನು ಭುಜದ ಹಿಂದಕ್ಕೆ, ದೂರ, ಇನ್ನೂ ದೂರ ತೋರಿಸಿದಳು. ಕೊನೆಗೆ ತನ್ನ ಎದೆ ಮುಟ್ಟಿಕೊಂಡು, ಬಾ ಎಂದು ಕೈ ಬೀಸಿ, ಹುಬ್ಬೇರಿಸಿದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮ ನನ್ನನ್ನು ಕರೆದಳಾ?

ಈ ಒಂದು ಪ್ರಶ್ನೆಯನ್ನು ಐದು ತಿಂಗಳು ಒಳಗಿಟ್ಟುಕೊಂಡಿದ್ದಳು. ಮಣ್ಣು ನೋಡಿದರೆ ಸಾವು ತಿಳಿಯುತ್ತದೆ. ಇದು ಮಾತ್ರ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೇಳಬಲ್ಲವಳು ಒಬ್ಬಳೇ ಅಲ್ಲಿ ಕೂತಿದ್ದಳು.

ಆಂಜಿನಮ್ಮನಿಗೆ ಸುಲಭದ ದಾರಿಯೊಂದಿತ್ತು. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿದರೆ ಸಾಕು, ನಿಮ್ಮಮ್ಮ ನಿದ್ದೆಯಲ್ಲಿದ್ದಳು, ಯಾರನ್ನೂ ಕೇಳಲಿಲ್ಲ ಎಂದಾಗುತ್ತಿತ್ತು. ಅಲ್ಲ ಎನ್ನುವುದಕ್ಕೆ ಊರಿನಲ್ಲಿ ಒಂದು ಸಾಕ್ಷಿ ಇರಲಿಲ್ಲ, ನನ್ನ ಬಿಟ್ಟರೆ. ನಾನು ಆ ಒಂದು ಮಾತನ್ನಾದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಆಂಜಿನಮ್ಮ ಬಲಗೈ ಎತ್ತಿ, ತೋರುಬೆರಳಿನಿಂದ ತನ್ನ ಎಡಹುಬ್ಬು ಸವರಿದಳು. ಮತ್ತೆ ಸವರಿದಳು. ಮತ್ತೆ. ಎರಡು ಬೆರಳೆತ್ತಿ ಎರಡು ದಿನ ಎಂದಳು. ಆಮೇಲೆ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿ ತನ್ನ ಎದೆಗೆ ಬಡಿದುಕೊಂಡು, ನಿನ್ನನ್ನು ಕರೆತರಲಿಲ್ಲ ಎಂದು ಬೆರಳು ಕೊಡವಿದಳು. ಒಂದನ್ನೂ ಬಿಡದೆ ಹೇಳಿದಳು.

ಹುಡುಗಿಯ ಮುಖ ಕಿವುಚಿಕೊಂಡಿತು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡೆ. ಹೊಡೆಯುತ್ತಾಳೆ ಎಂದೂ ಅನ್ನಿಸಿತು. ಅವಳು ಗೋಡೆಯ ಕಡೆ ತಿರುಗಿ ಕೂತಳು. ಒಲೆಯ ಬೆಂಕಿ ಆರಿಹೋಯಿತು, ಹಸು ಹೊರಗೆ ಒಂದು ಸಲ ಕೂಗಿ ಸುಮ್ಮನಾಯಿತು. ಎಷ್ಟೋ ಹೊತ್ತಾದ ಮೇಲೆ ಈ ಕಡೆ ತಿರುಗಿ, ತನ್ನ ಎರಡೂ ಕೈಗಳನ್ನು ಅಜ್ಜಿಯ ಮುಂದೆ ಚಾಚಿ, ಒಂದೊಂದಾಗಿ ಎತ್ತಿ ತೋರಿಸಿದಳು.

"ಏನಂತಕ್ಕ?" ಎಂದೆ.

"ಯಾವ್ ಕೈ ಅಂತಿದಾಳೆ," ಎಂದಳು ಆಂಜಿನಮ್ಮ. "ಬಲಗೈಗೆ ಸೂಜಿ ಹಾಕಿದ್ರು. ಅವ್ಳು ಎಡಗೈಯಲ್ಲಿ ಕರೀತಿದ್ಲು."

ಆಂಜಿನಮ್ಮ ಎಡಗೈ ಎತ್ತಿದಳು. ಮಗಳು ಮಲಗಿದ್ದ ಹಾಗೆ ತಲೆಯನ್ನು ಗೋಡೆಗೆ ಒರಗಿಸಿ, ಸುಸ್ತಾದವರ ಹಾಗೆ ಮೆಲ್ಲಗೆ ಬೆರಳನ್ನು ಹುಬ್ಬಿನ ಮೇಲೆ ಎಳೆದಳು.

ನನ್ನ ಹನ್ನೊಂದು ಕೂಗುಗಳು ಕೂಗಿದ ಕ್ಷಣಕ್ಕೆ ಮುಗಿದುಹೋಗುತ್ತವೆ, ಕೇಳಿದವರಿಗೆ ಉಂಟು, ಕೇಳದವರಿಗೆ ಇಲ್ಲ. ಮುನಿಲಕ್ಷ್ಮಿ ಸಂಕ್ರಾಂತಿಯ ಮಾರನೇ ವಾರ ಕರೆದದ್ದು ಆಷಾಢದ ಒಂದು ಸಂಜೆ ಬಂದು ತಲುಪಿತು. ಕಲ್ಯಾಣಿ ಎದ್ದು, ಕರೆದ ಕಡೆಗೆ, ಅಜ್ಜಿಯ ಎಡಗೈಯ ಹತ್ತಿರಕ್ಕೆ ಹೋದಳು.